ಗಡೀಪಾರಿಗೆ ಅಡ್ಡ ನಿಂತ ಸಹಪಾಠಿಗಳು

2025ರ ಮೇ 31, ಶನಿವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಲ್ಫರ್ಡ್ ಎಂಬ ಊರಿನ ಹೈಸ್ಕೂಲು ಹುಡುಗನೊಬ್ಬ ಅಪ್ಪನ ಕಾರಿನಲ್ಲಿ ಗೆಳೆಯರನ್ನು ಕೂರಿಸಿಕೊಂಡು ವಾಲಿಬಾಲ್ ಅಭ್ಯಾಸಕ್ಕೆ ಹೊರಟಿದ್ದ. ವಯಸ್ಸು 18. ಹುಟ್ಟಿದ್ದು ಬ್ರೆಜಿಲ್‌ನಲ್ಲಿ, ಚಿಕ್ಕ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ದಾರಿಯಲ್ಲಿ ಐಸಿಇ, ಅಂದರೆ ವಲಸೆ ಕಾನೂನು ಜಾರಿ ಮಾಡುವ ಕೇಂದ್ರ ಸರ್ಕಾರದ ದಳದವರು ಕಾರು ತಡೆದರು. ಅವರು ಹುಡುಕುತ್ತಿದ್ದದ್ದು ಅವನ ಅಪ್ಪನನ್ನು. ಅಪ್ಪ ಸಿಗಲಿಲ್ಲ, ಮಗ ಸಿಕ್ಕಿದ. ಮಗನ ಬಳಿಯೂ ಕಾಗದಪತ್ರ ಇರಲಿಲ್ಲವಾದ್ದರಿಂದ ಅವನನ್ನೇ ಹಿಡಿದುಕೊಂಡು ಹೋದರು.

ಮರುದಿನ ಶಾಲೆಯಲ್ಲಿ ಪದವಿ ಪ್ರದಾನ. ಇವನು ಒಂದು ತರಗತಿ ಕಿರಿಯವನು. ಸೀನಿಯರ್‌ಗಳ ಸಮಾರಂಭದಲ್ಲಿ ಬ್ಯಾಂಡಿನ ಡ್ರಮ್ ಬಾರಿಸಬೇಕಿತ್ತು. ಅವನಿಲ್ಲದೆಯೇ ಸಮಾರಂಭ ನಡೆಯಿತು. ಮುಗಿದದ್ದೇ ತಡ, ಅದೇ ತಾನೇ ಪದವಿ ಪಡೆದವರು ಪುರಭವನದತ್ತ ಮೆರವಣಿಗೆ ಹೊರಟರು. ಹಿಂದಿನಿಂದ ಊರಿನ ನೂರಾರು ಜನ ಸೇರಿಕೊಂಡರು. ಸೋಮವಾರ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದು ನಿಂತರು. ಸುದ್ದಿ ಟಿವಿಯಲ್ಲಿ ಬಂತು, ರಾಜ್ಯದ ಗವರ್ನರ್ ಪ್ರಶ್ನೆ ಕೇಳಿದರು. ಜೂನ್ 5ರಂದು ವಲಸೆ ನ್ಯಾಯಾಧೀಶರು 2,000 ಡಾಲರ್ ಜಾಮೀನಿನ ಮೇಲೆ ಹುಡುಗನನ್ನು ಬಿಟ್ಟರು. ಕಿಟಕಿಯಿಲ್ಲದ ಕೋಣೆಯಲ್ಲಿ, ಅಪ್ಪನ ವಯಸ್ಸಿನ ಗಂಡಸರ ನಡುವೆ, ಸಿಮೆಂಟ್ ನೆಲದ ಮೇಲೆ ಅವನು ಅಷ್ಟು ರಾತ್ರಿಗಳನ್ನು ಕಳೆದಿದ್ದ.

ಜಾಮೀನು ಎಂದರೆ ಬಿಡುಗಡೆಯಲ್ಲ, ಗಡೀಪಾರಿನ ಮೊಕದ್ದಮೆ ಮುಂದುವರಿಯುತ್ತದೆ. ಆದರೂ ಆ ಆರು ದಿನಗಳಲ್ಲಿ ಮಿಲ್ಫರ್ಡ್‌ನ ಮಕ್ಕಳು ಮಾಡಿದ್ದನ್ನು ಗಮನಿಸಬೇಕು. ಅಮೆರಿಕದಲ್ಲಿ ಕಳೆದ ಎರಡೂವರೆ ದಶಕದಲ್ಲಿ ಇಂಥ ವಿದ್ಯಾರ್ಥಿಗಳ ಗಡೀಪಾರು ನಿಂತಾಗಲೆಲ್ಲ ಬಹುಮಟ್ಟಿಗೆ ನಿಂತದ್ದು ಹೀಗೆಯೇ, ಒಬ್ಬೊಬ್ಬರದಾಗಿ, ಅವರನ್ನು ಹತ್ತಿರದಿಂದ ಬಲ್ಲವರು ಬೀದಿಗಿಳಿದಾಗ. ಎಲ್ಲರಿಗೂ ಅನ್ವಯಿಸುವ ಕಾನೂನನ್ನು ಅಲ್ಲಿನ ಸಂಸತ್ತು ಇಂದಿಗೂ ಮಾಡಿಲ್ಲ. ಈ ಹೋರಾಟದ ಕತೆಯಲ್ಲಿ ಸ್ವಲ್ಪ ದೂರ ಸಾಗಿದರೆ ಫ್ರೀಮಾಂಟ್, ಸನಿವೇಲ್, ಡಲ್ಲಾಸ್‌ಗಳ ಕನ್ನಡ ಮನೆಗಳ ಮಕ್ಕಳೂ ಎದುರಾಗುತ್ತಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಗದಪತ್ರವಿಲ್ಲದ ಮಗು ಹನ್ನೆರಡನೆಯ ತರಗತಿವರೆಗೆ ನಿರಾತಂಕವಾಗಿ ಓದುವುದು ಹೇಗೆ ಎಂದು ನಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ಉತ್ತರ ಟೆಕ್ಸಸ್‌ನ ಟೈಲರ್ ಎಂಬ ಪಟ್ಟಣದಲ್ಲಿದೆ. 1975ರಲ್ಲಿ ಟೆಕ್ಸಸ್ ಸರ್ಕಾರ, ದಾಖಲೆಯಿಲ್ಲದ ಮಕ್ಕಳ ಓದಿಗೆ ರಾಜ್ಯದ ಹಣ ಕೊಡುವುದಿಲ್ಲ ಎಂದು ಕಾನೂನು ಮಾಡಿತು. 1977ರಲ್ಲಿ ಟೈಲರ್‌ನ ಶಾಲಾ ಆಡಳಿತ ಅಂಥ ಪ್ರತಿ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹಾಕಿತು. ಗುಲಾಬಿ ತೋಟಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವ ಮೆಕ್ಸಿಕನ್ ಕೂಲಿಗಳಿಗೆ ಅದು ಕನಸಿನ ಮಾತು. ಕೆಲವು ಕುಟುಂಬಗಳು ಕೋರ್ಟಿಗೆ ಹೋದವು. ವಿಚಾರಣೆಯನ್ನು ಬೆಳಗಿನ ಜಾವ ಆರಕ್ಕೆ ಇಟ್ಟುಕೊಂಡರು, ಜನರ ಕಣ್ಣಿಗೆ ಬೀಳದಿರಲಿ ಎಂದು. ಕೋರ್ಟಿನಿಂದ ನೇರ ಗಡಿಯಾಚೆಗೆ ಅಟ್ಟಿಬಿಟ್ಟರೆ ಎಂಬ ಅಂಜಿಕೆಯಿಂದ ಮನೆಯ ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ಬಂದ ತಂದೆತಾಯಂದಿರು ಅವರು. ಮಕ್ಕಳ ಹೆಸರು ಮುಚ್ಚಿಟ್ಟು ‘ಡೋ’ ಎಂಬ ಕಲ್ಪಿತ ಹೆಸರಿನಲ್ಲಿ ಮೊಕದ್ದಮೆ ನಡೆಯಿತು. 1982ರ ಜೂನ್ 15ರಂದು ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್. ಪ್ಲೈಲರ್ ವಿರುದ್ಧ ಡೋ ಎಂದು ಹೆಸರಾದ ಈ ತೀರ್ಪಿನಿಂದಾಗಿ ಸರ್ಕಾರಿ ಶಾಲೆ ವಲಸೆಯ ದಾಖಲೆ ಇಲ್ಲವೆಂದು ಯಾವ ಮಗುವನ್ನೂ ಹೊರಗಿಡುವಂತಿಲ್ಲ.

ತೀರ್ಪಿನ ಕಾವಲು ಶಾಲೆಯ ಗೇಟಿನವರೆಗೆ ಮಾತ್ರ. ಮಗು ಗೆಳೆಯರೊಂದಿಗೆ ಬೆಳೆಯುತ್ತದೆ, ಬಾವುಟಕ್ಕೆ ವಂದಿಸುತ್ತದೆ, ಸ್ಪೆಲಿಂಗ್ ಸ್ಪರ್ಧೆ ಗೆಲ್ಲುತ್ತದೆ. ಹದಿನಾರಾದಾಗ ಗೆಳೆಯರೆಲ್ಲ ಡ್ರೈವಿಂಗ್ ಲೈಸೆನ್ಸಿಗೆ ಓಡುತ್ತಾರೆ, ಹದಿನೇಳಕ್ಕೆ ಕಾಲೇಜಿನ ಅರ್ಜಿ ತುಂಬುತ್ತಾರೆ. ಆ ನಮೂನೆಗಳಲ್ಲಿ, ದಾಖಲೆಯಿಲ್ಲದವರಿಗೆ ಸಿಗದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಖಾಲಿ ಚೌಕ ಇರುತ್ತದೆ. ಎಷ್ಟೋ ಮಕ್ಕಳಿಗೆ ತಾವು ಯಾರೆಂಬುದು ತಿಳಿಯುವುದು ಆ ಚೌಕದ ಮುಂದೆ. ಫಿಲಿಪ್ಪೀನ್ಸ್‌ನಿಂದ 12ನೇ ವಯಸ್ಸಿಗೆ ಅಜ್ಜ ಅಜ್ಜಿಯರ ಬಳಿಗೆ ಬಂದ ಹೋಸೆ ಆಂಟೋನಿಯೊ ವರ್ಗಾಸ್, 16ರಲ್ಲಿ ಲೈಸೆನ್ಸ್ ಕೇಳಲು ಹೋದಾಗ ಅಲ್ಲಿನ ಗುಮಾಸ್ತೆ ಅವನ ಗ್ರೀನ್ ಕಾರ್ಡ್ ನಕಲಿ ಎಂದು ಪಿಸುಮಾತಿನಲ್ಲಿ ತಿಳಿಸಿದಳು. ಮುಂದೆ ಆತ ಪತ್ರಕರ್ತನಾಗಿ, ಪುಲಿಟ್ಜರ್ ಗೆದ್ದ ತಂಡದ ಸದಸ್ಯನೂ ಆದ. ಗುಟ್ಟನ್ನು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಸ್ವತಃ ಬರೆದು ಹೊರಗೆಡವಿದ.

ಕಾನೂನಿನ ಕತೆ ಶುರುವಾಗುವುದು ಒಂದು ಪಿಯಾನೊದಿಂದ. ಕೊರಿಯಾದ ತಂದೆತಾಯಿಗೆ ಬ್ರೆಜಿಲ್‌ನಲ್ಲಿ ಹುಟ್ಟಿ, ಎರಡು ವರ್ಷದವಳಿದ್ದಾಗ ಶಿಕಾಗೋಗೆ ಬಂದ ತೆರೇಸಾ ಲೀ ಅಪರೂಪದ ಪಿಯಾನೊ ವಾದಕಿ. ಅಪ್ಪ ಚರ್ಚಿನ ಪಾದ್ರಿ, ಮನೆಯಲ್ಲಿ ಬಡತನ. ಮೆರಿಟ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಕಲಿಯುತ್ತಿದ್ದ ಈ ಹುಡುಗಿ ದೊಡ್ಡ ಸಂಗೀತ ಕಾಲೇಜುಗಳಿಗೆ ಅರ್ಜಿಯನ್ನೇ ಹಾಕುತ್ತಿಲ್ಲವಲ್ಲ ಎಂದು ಅಲ್ಲಿನ ಶಿಕ್ಷಕಿ ವಿಚಾರಿಸಿದಾಗ, ಅಳುತ್ತಾ ನಿಜ ಹೇಳಿದಳು. ಶಿಕ್ಷಕಿ ಇಲಿನಾಯ್ ರಾಜ್ಯದ ಸೆನೆಟರ್ ಡಿಕ್ ಡರ್ಬಿನ್ ಅವರ ಕಚೇರಿಗೆ ಫೋನ್ ಮಾಡಿದರು. ಡರ್ಬಿನ್ ಮೊದಲು ಆಕೆಯೊಬ್ಬಳಿಗಾಗಿ ಒಂದು ಖಾಸಗಿ ಮಸೂದೆ ಬರೆಸಹೊರಟರು. ಅಂಥ ಮಕ್ಕಳು ಒಬ್ಬಿಬ್ಬರಲ್ಲ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಒಂದೇ ಕಾನೂನು ತರಲು ಹೊರಟರು. 2001ರ ಆಗಸ್ಟ್ 1ರಂದು ಡೆಮಾಕ್ರಟಿಕ್ ಪಕ್ಷದ ಡರ್ಬಿನ್ ಮತ್ತು ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಸೇರಿ ಡ್ರೀಮ್ ಆಕ್ಟ್ ಮಂಡಿಸಿದರು. ಚಿಕ್ಕಂದಿನಲ್ಲಿ ಬಂದು, ಐದು ವರ್ಷ ನೆಲೆಸಿ, ಹೈಸ್ಕೂಲು ಮುಗಿಸಿದವರಿಗೆ ಕಾಯಂ ವಾಸದ ದಾರಿ ತೆರೆಯುವ ಮಸೂದೆ ಅದು. ಈ ಮಕ್ಕಳನ್ನು ‘ಡ್ರೀಮರ್’ ಎಂದು ಕರೆಯುವ ರೂಢಿ ಬಿದ್ದದ್ದು ಅಲ್ಲಿಂದ. ಸೆನೆಟ್ ಸಮಿತಿಯ ಮುಂದೆ ತೆರೇಸಾ ಹಾಜರಾಗಬೇಕಿದ್ದ ದಿನ 2001ರ ಸೆಪ್ಟೆಂಬರ್ 12. ಹಿಂದಿನ ದಿನ ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿದವು. ವಿಚಾರಣೆ ರದ್ದಾಯಿತು, ವಲಸಿಗ ಎಂದರೆ ಅನುಮಾನದಿಂದ ನೋಡುವ ಕಾಲ ಬಂತು. ತೆರೇಸಾ ಮುಂದೆ ಓದಿ, ಮದುವೆಯಾಗಿ, ಆ ಮೂಲಕ ಪೌರತ್ವ ಪಡೆದಳು. ಅವಳ ಹೆಸರಿನಲ್ಲಿ ಶುರುವಾದ ಮಸೂದೆ ಮಾತ್ರ ಕಾನೂನಾಗಲಿಲ್ಲ.

ಸಂಸತ್ತು ಮಲಗಿದ್ದಾಗ ಮಕ್ಕಳು ಎದ್ದರು. 2007ರ ಜುಲೈನಲ್ಲಿ ಮಯಾಮಿಯ ಕಿಲಿಯನ್ ಹೈಸ್ಕೂಲಿನಲ್ಲಿ ಓದಿದ ಇಬ್ಬರು ಅಣ್ಣತಮ್ಮಂದಿರನ್ನು ಅವರ ಕುಟುಂಬದ ಸಮೇತ ವಲಸೆ ಅಧಿಕಾರಿಗಳು ಮನೆಗೇ ಬಂದು ಹಿಡಿದರು. ಕೊಲಂಬಿಯಾದಿಂದ ಎಳೆಯ ಮಕ್ಕಳಾಗಿದ್ದಾಗ ಬಂದವರು. ಸಹಪಾಠಿಗಳು ಆಗಿನ್ನೂ ಹೊಸದಾಗಿದ್ದ ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿದರು, ವಾಷಿಂಗ್ಟನ್‌ಗೆ ಹೊರಟರು, ಸಂಸದರ ಕಚೇರಿಗಳ ಬಾಗಿಲು ಬಡಿದರು. ಮಯಾಮಿಯ ರಿಪಬ್ಲಿಕನ್ ಸಂಸದ ಲಿಂಕನ್ ಡಿಯಾಜ್ ಬಲಾರ್ಟ್ ಖಾಸಗಿ ಮಸೂದೆ ಮಂಡಿಸಿದರು, ಗಡೀಪಾರು ಮುಂದಕ್ಕೆ ಹೋಯಿತು. ಹುಡುಗರು ಉಳಿದರು. ತಂದೆತಾಯಿಯನ್ನು ಆ ವರ್ಷವೇ ಕೊಲಂಬಿಯಾಕ್ಕೆ ಕಳುಹಿಸಲಾಯಿತು. ಆ ಹುಡುಗರ ಕತೆಯ ಈ ಎರಡನೆಯ ಅರ್ಧವನ್ನು ಮರೆಯದಿರೋಣ, ಮುಂದೆ ಬೇಕಾಗುತ್ತದೆ.

ಇಂಥ ಅಭಿಯಾನ ನಡೆಯುವ ಬಗೆ ಕುತೂಹಲಕರ. ಒಂದೆರಡು ವರ್ಷಗಳಲ್ಲೇ ಯುನೈಟೆಡ್ ವಿ ಡ್ರೀಮ್, ಡ್ರೀಮ್ ಆಕ್ಟಿವಿಸ್ಟ್ ಮುಂತಾದ ಯುವ ಸಂಘಟನೆಗಳು ಇದನ್ನೊಂದು ಕಸುಬನ್ನಾಗಿಯೇ ರೂಢಿಸಿಕೊಂಡವು. ‘ಗಡೀಪಾರಲ್ಲ, ಶಿಕ್ಷಣ’ ಎಂಬುದು ಅದರ ಹೆಸರು. ಯಾರಾದರೂ ಬಂಧನಕ್ಕೊಳಗಾದ ಕೂಡಲೇ ವಲಸೆ ಇಲಾಖೆ ಆ ವ್ಯಕ್ತಿಗೆ ಕೊಟ್ಟಿರುವ ‘ಎ’ ಅಕ್ಷರದ ಕಡತ ಸಂಖ್ಯೆ ಪತ್ತೆ ಮಾಡಬೇಕು. ಅದಿಲ್ಲದೆ ಯಾವ ಅಧಿಕಾರಿಯೂ ಮಾತಾಡುವುದಿಲ್ಲ. ಅಂಕಪಟ್ಟಿ, ಶಿಕ್ಷಕರ ಪತ್ರ, ಚರ್ಚಿನ ಪತ್ರ, ಕ್ರೀಡಾ ಪದಕ ಎಲ್ಲ ಒಟ್ಟುಮಾಡಿ ವಕೀಲರ ಮೂಲಕ ಗಡೀಪಾರು ತಡೆ ಕೋರುವ ಅರ್ಜಿ ಹಾಕಬೇಕು. ಆಮೇಲೆ ಒಂದು ಫೋಟೊ, ನಾಲ್ಕು ಸಾಲಿನ ಕತೆ, ಸಹಿ ಸಂಗ್ರಹ, ಯಾವ ಕಚೇರಿಗೆ ಫೋನ್ ಮಾಡಿ ಏನು ಹೇಳಬೇಕೆಂಬ ಒಂದು ಪುಟ್ಟ ಚೀಟಿ. ನೂರಾರು ಜನ ಒಂದೇ ದಿನ ಒಂದೇ ಕಡತ ಸಂಖ್ಯೆ ಹೇಳಿ ಫೋನ್ ಮಾಡಿದರೆ ಆ ಕಡತ ಮೇಜಿನ ಮೇಲಕ್ಕೆ ಬರಲೇಬೇಕು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಧೂಳು ಹಿಡಿದ ಅರ್ಜಿಯೊಂದು ಊರವರೆಲ್ಲ ಹೋಗಿ ನಿಂತಾಗ ಅಲುಗಾಡುವಂತೆಯೇ ಇದು. ಕಾನೂನು ಬದಲಾಗುವುದಿಲ್ಲ, ಅಧಿಕಾರಿಯ ವಿವೇಚನೆ ಬದಲಾಗುತ್ತದೆ. 2011ರ ಜೂನ್ 17ರಂದು ಐಸಿಇ ಮುಖ್ಯಸ್ಥ ಜಾನ್ ಮಾರ್ಟನ್ ಹೊರಡಿಸಿದ ಸುತ್ತೋಲೆ ಈ ವಿವೇಚನೆಗೇ ಒಂದು ಲಿಖಿತ ರೂಪ ಕೊಟ್ಟಿತು. ಚಿಕ್ಕಂದಿನಲ್ಲಿ ಬಂದವರು, ಓದುತ್ತಿರುವವರು ಎಂಬುದನ್ನು ಗಡೀಪಾರಿಗೆ ಮುನ್ನ ಗಣನೆಗೆ ತೆಗೆದುಕೊಳ್ಳಿ ಎಂದಿತು.

ಅಷ್ಟರಲ್ಲಿ ಹೋರಾಟ ಅರ್ಜಿಗಳನ್ನು ದಾಟಿ ಬೀದಿಗೆ ಬಂದಿತ್ತು. 2010ರ ಜನವರಿ 1ರಂದು ಮಯಾಮಿಯ ಫ್ರೀಡಂ ಟವರ್‌ನಿಂದ ನಾಲ್ವರು ವಿದ್ಯಾರ್ಥಿಗಳು ವಾಷಿಂಗ್ಟನ್‌ಗೆ ಕಾಲ್ನಡಿಗೆಯಲ್ಲಿ ಹೊರಟರು: ಗ್ಯಾಬಿ ಪಚೇಕೊ, ಫೆಲಿಪೆ ಮಾಟೊಸ್, ಕಾರ್ಲೋಸ್ ರೋವಾ, ಹುವಾನ್ ರೊಡ್ರಿಗಸ್. 1,500 ಮೈಲಿ, ಅಂದರೆ ಸುಮಾರು 2,400 ಕಿಲೋಮೀಟರ್. ಪಾದಯಾತ್ರೆ ನಮಗೆ ಹೊಸದಲ್ಲ, ನಮ್ಮ ರಾಜಕಾರಣಿಗಳು ಅದನ್ನು ಸವೆಸಿಬಿಟ್ಟಿದ್ದಾರೆ. ಈ ಮಕ್ಕಳದು ಬೇರೆ. ದಾರಿಯಲ್ಲಿ ಯಾವ ಪೊಲೀಸ್ ಪೇದೆ ತಡೆದು ಗುರುತುಪತ್ರ ಕೇಳಿದರೂ ಯಾತ್ರೆ ಬಂಧನ ಕೇಂದ್ರದಲ್ಲಿ ಮುಗಿಯಬಹುದಿತ್ತು. ಜಾರ್ಜಿಯಾದ ನಹುಂಟಾ ಎಂಬ ಸಣ್ಣ ಊರಿನಲ್ಲಿ ಬಿಳಿಯರ ಮೇಲುಗೈ ಸಾರುವ ಕು ಕ್ಲಕ್ಸ್ ಕ್ಲಾನ್ ವಲಸಿಗರ ವಿರುದ್ಧ ಸಭೆ ಕರೆದಿತ್ತು. ನಾಲ್ವರೂ ಆ ಊರನ್ನು ಬಳಸಿ ಹೋಗದೆ ಅದರೊಳಗೇ ಹೋದರು. ಕಪ್ಪು ಜನರ ಹಕ್ಕುಗಳ ಸಂಘಟನೆಯವರು ಅವರ ಪಕ್ಕದಲ್ಲಿ ನಿಂತರು.

ಅದೇ ವರ್ಷದ ಮಾರ್ಚ್ 10ರಂದು ಶಿಕಾಗೋದ ಚೌಕದಲ್ಲಿ ಕೆಲವು ತರುಣ ತರುಣಿಯರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ತಮ್ಮ ಹೆಸರು ಹೇಳಿ, ತಮಗೆ ದಾಖಲೆಯಿಲ್ಲ, ಹೆದರಿಕೆಯೂ ಇಲ್ಲ ಎಂದರು. ಟೈಲರ್‌ನ ತಂದೆತಾಯಂದಿರು ಬೆಳಗಿನ ಜಾವದ ಕತ್ತಲಲ್ಲಿ ಹೆಸರಿಲ್ಲದೆ ನಿಂತದ್ದಕ್ಕೂ ಇದಕ್ಕೂ ನಡುವೆ 33 ವರ್ಷ. ಹೆಸರು ಹೇಳುವುದು ಎದೆಗಾರಿಕೆ ಹೌದು, ಜೊತೆಗೆ ಲೆಕ್ಕಾಚಾರವೂ ಹೌದು. ಊರಿಗೆಲ್ಲ ಗೊತ್ತಿರುವ ಹುಡುಗಿಯನ್ನು ಸದ್ದಿಲ್ಲದೆ ವಿಮಾನ ಹತ್ತಿಸುವುದು ಕಷ್ಟ ಎಂಬುದನ್ನು ಅವರು ಕಂಡುಕೊಂಡಿದ್ದರು. ಮೇ 17ರಂದು ಅರಿಜೋನಾದ ಟೂಸಾನ್‌ನಲ್ಲಿ ಸೆನೆಟರ್ ಜಾನ್ ಮೆಕೇನ್ ಅವರ ಕಚೇರಿಯೊಳಗೆ ಇಂಥ ಕೆಲವರು ಪದವಿಯ ಟೋಪಿ, ಗೌನು ತೊಟ್ಟು ಧರಣಿ ಕುಳಿತರು. ಬಂಧಿತರಾದವರಲ್ಲಿ ಮೂವರು ದಾಖಲೆರಹಿತರು. ಅವರಲ್ಲೊಬ್ಬಳು ಲಿಜ್‌ಬೆತ್ ಮಟೆಯೊ. ಈಕೆ ಮೂರು ವರ್ಷದ ಮೇಲೆ, 2013ರಲ್ಲಿ, ಬೇಕೆಂದೇ ಮೆಕ್ಸಿಕೊಗೆ ಹೋಗಿ ಇನ್ನೂ ಎಂಟು ಜನರ ಜೊತೆ ನೊಗಾಲೆಸ್ ಗಡಿಯಲ್ಲಿ ಅಂಥದೇ ಗೌನು ತೊಟ್ಟು ವಾಪಸು ಬಂದು ಬಂಧನಕ್ಕೊಳಗಾದಳು. ಆಮೇಲೆ ವಕೀಲೆಯಾದಳು.

ಇದಕ್ಕಿಂತ ಹುಚ್ಚು ಸಾಹಸವೂ ನಡೆಯಿತು. 2012ರಲ್ಲಿ ನ್ಯಾಷನಲ್ ಇಮಿಗ್ರೆಂಟ್ ಯೂತ್ ಅಲಯನ್ಸ್‌ನ ಇಬ್ಬರು, ಮಾರ್ಕೊ ಸಾವೆಡ್ರಾ ಮತ್ತು ವಿರಿಡಿಯಾನಾ ಮಾರ್ಟಿನೆಜ್, ಬೇಕೆಂದೇ ಅಧಿಕಾರಿಗಳ ಕೈಗೆ ಸಿಕ್ಕಿಬಿದ್ದು ಫ್ಲಾರಿಡಾದ ಬ್ರೋವರ್ಡ್ ಬಂಧನ ಕೇಂದ್ರದೊಳಗೆ ಸೇರಿಕೊಂಡರು. ಗಡೀಪಾರು ಮಾಡಬಾರದವರು ಒಳಗೆ ಎಷ್ಟು ಜನ ಇದ್ದಾರೆಂದು ಕೈದಿಗಳನ್ನೇ ಕೇಳಿ ಪಟ್ಟಿ ಮಾಡಿ ಹೊರಗಿನ ಗೆಳೆಯರಿಗೆ ಮುಟ್ಟಿಸಿದರು. ಗೊತ್ತಾದ ಕೂಡಲೇ ಆಡಳಿತ ಅವರನ್ನು ಹೊರಗೆ ಹಾಕಿತು! ಈ ಘಟನೆಯ ಮೇಲೆ ‘ದಿ ಇನ್‌ಫಿಲ್ಟ್ರೇಟರ್ಸ್’ ಎಂಬ ಸಿನಿಮಾ 2019ರಲ್ಲಿ ಬಂತು.

ಸಂಸತ್ತಿನಲ್ಲಿ ಏನಾಯಿತು? 2010ರ ಡಿಸೆಂಬರ್ 8ರಂದು ಕೆಳಮನೆ 216ಕ್ಕೆ 198 ಮತಗಳಿಂದ ಡ್ರೀಮ್ ಆಕ್ಟ್ ಒಪ್ಪಿತು. ಹತ್ತು ದಿನಗಳ ನಂತರ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕಿತ್ತು, ಸಿಕ್ಕಿದ್ದು 55. ಐವರು ಡೆಮಾಕ್ರಟರೇ ವಿರೋಧವಾಗಿ ಕೈಯೆತ್ತಿದ್ದರು. ಒಂಬತ್ತು ವರ್ಷದ ಹಿಂದೆ ಮಸೂದೆಗೆ ಜೊತೆಯಾಗಿದ್ದ ಆರಿನ್ ಹ್ಯಾಚ್ ಅಂದು ಸದನಕ್ಕೇ ಬಂದಿರಲಿಲ್ಲ. ಮೊಮ್ಮಗನ ಕಾಲೇಜು ಪದವಿ ಪ್ರದಾನಕ್ಕೆ ಹೋಗಿದ್ದರು. ಗ್ಯಾಲರಿಯಲ್ಲಿ ಟೋಪಿ, ಗೌನಿನಲ್ಲಿ ಕುಳಿತಿದ್ದ ಮಕ್ಕಳು ಅಳುತ್ತಾ ಹೊರಬಂದರು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನಾನು ಟೀಕೆ ಸೇರಿಸಬೇಕಾಗಿಲ್ಲ.

ಸಂಸತ್ತು ಕೈಬಿಟ್ಟ ಮೇಲೆ ಒತ್ತಡವೆಲ್ಲ ಅಧ್ಯಕ್ಷ ಒಬಾಮಾ ಕಡೆಗೆ ತಿರುಗಿತು. ಕಾನೂನಿಲ್ಲದೆ ನನ್ನ ಕೈಯಲ್ಲಿ ಏನೂ ಆಗದು ಎಂಬುದು ಅವರ ಮಾತಾಗಿತ್ತು. 2012ರ ಜೂನ್ ಮೊದಲ ವಾರ, ಮರುಚುನಾವಣೆಯ ಹೊತ್ತಿನಲ್ಲಿ, ಡೆನ್ವರ್‌ನ ಅವರ ಪ್ರಚಾರ ಕಚೇರಿಯಲ್ಲೇ ಇಬ್ಬರು ದಾಖಲೆರಹಿತರು ಉಪವಾಸ ಕುಳಿತರು. ಜೂನ್ 15ರಂದು, ಪ್ಲೈಲರ್ ತೀರ್ಪಿಗೆ ಸರಿಯಾಗಿ 30 ವರ್ಷ ತುಂಬಿದ ದಿನ, ಆಂತರಿಕ ಭದ್ರತಾ ಸಚಿವೆ ಜಾನೆಟ್ ನಪೊಲಿಟಾನೊ ಒಂದು ಸುತ್ತೋಲೆಗೆ ಸಹಿ ಹಾಕಿದರು. ಅದೇ ಡಾಕಾ (DACA) ಯೋಜನೆ. 16ಕ್ಕೆ ಮೊದಲು ಬಂದು, ಆಗ 31 ತುಂಬದ, 2007ರ ಜೂನ್ 15ರಿಂದ ಸತತವಾಗಿ ಅಮೆರಿಕದಲ್ಲಿರುವ, ಓದಿದ ಅಥವಾ ಓದುತ್ತಿರುವವರಿಗೆ ಎರಡು ವರ್ಷದ ಮಟ್ಟಿಗೆ ಗಡೀಪಾರಿನಿಂದ ರಿಯಾಯಿತಿ, ಕೆಲಸದ ಪರವಾನಗಿ. ಪೌರತ್ವದ ದಾರಿಯಿಲ್ಲ. ಎರಡು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಬೇಕು. ಇಷ್ಟಾದರೂ 8 ಲಕ್ಷಕ್ಕೂ ಹೆಚ್ಚು ಜನ ಇದರಡಿ ಬಂದರು. ಲೈಸೆನ್ಸ್ ಪಡೆದರು, ನರ್ಸ್‌ಗಳಾದರು, ಮೇಷ್ಟರಾದರು, ಮನೆ ಕೊಂಡರು.

ಮುಂದಿನದು ಕೋರ್ಟುಗಳ ಕತೆ, ಬೇಗ ಹೇಳಿಬಿಡುತ್ತೇನೆ. 2017ರ ಸೆಪ್ಟೆಂಬರ್ 5ರಂದು ಟ್ರಂಪ್ ಸರ್ಕಾರ ಡಾಕಾ ರದ್ದೆಂದು ಸಾರಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು. ಆಗ ಅದರ ಅಧ್ಯಕ್ಷೆಯಾಗಿದ್ದವರು ಆ ಸುತ್ತೋಲೆಗೆ ಸಹಿ ಹಾಕಿದ ಅದೇ ನಪೊಲಿಟಾನೊ. 2020ರ ಜೂನ್ 18ರಂದು ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ, ರದ್ದು ಮಾಡಿದ ಕ್ರಮ ಸರಿಯಿಲ್ಲ ಎಂದಿತು. ಡಾಕಾ ಸರಿಯೇ ಎಂದು ಹೇಳಲಿಲ್ಲ. 2021ರ ಜುಲೈನಲ್ಲಿ ಟೆಕ್ಸಸ್‌ನ ನ್ಯಾಯಾಧೀಶರೊಬ್ಬರು ಹೊಸ ಅರ್ಜಿಗಳ ಮಂಜೂರಾತಿಗೆ ತಡೆ ಹಾಕಿದರು. ಹಳಬರು ನವೀಕರಿಸುತ್ತ ಬಂದರು, ಹೊಸಬರಿಗೆ ಬಾಗಿಲು ಮುಚ್ಚಿತು. 2001ರಲ್ಲಿ ದಾಖಲೆರಹಿತ ವಿದ್ಯಾರ್ಥಿಗಳಿಗೆ ರಾಜ್ಯದ ನಿವಾಸಿಗಳ ಶುಲ್ಕದಲ್ಲೇ ಕಾಲೇಜು ಕಲಿಯಲು ದೇಶದಲ್ಲೇ ಮೊದಲು ಅವಕಾಶ ಕೊಟ್ಟ ಟೆಕ್ಸಸ್, 2025ರ ಜೂನ್‌ನಲ್ಲಿ ಕೇಂದ್ರ ಹೂಡಿದ ಮೊಕದ್ದಮೆಗೆ ಅದೇ ದಿನ ತಲೆಬಾಗಿ ಅದನ್ನೂ ಕೈಬಿಟ್ಟಿತು.

ಡಾಕಾದ ತಾರೀಕನ್ನು ಇನ್ನೊಮ್ಮೆ ನೋಡಿ: 2007ರ ಜೂನ್‌ಗೆ ಮೊದಲು ಬಂದಿರಬೇಕು. ಮಿಲ್ಫರ್ಡ್‌ನ 18ರ ಹುಡುಗ ಹುಟ್ಟಿದ್ದೇ ಆ ಹೊತ್ತಿಗೆ. 2025ರ ಮೇ ತಿಂಗಳಲ್ಲಿ ಜಾರ್ಜಿಯಾದ ಡಾಲ್ಟನ್‌ನಲ್ಲಿ 19ರ ಕಾಲೇಜು ವಿದ್ಯಾರ್ಥಿನಿಯನ್ನು ಪೊಲೀಸರು ಸಂಚಾರ ನಿಯಮ ಉಲ್ಲಂಘನೆಗೆಂದು ತಡೆದರು. ತಪ್ಪು ಮಾಡಿದ್ದು ಬೇರೆ ಗಾಡಿ ಎಂದು ಆಮೇಲೆ ಗೊತ್ತಾಗಿ ಪೊಲೀಸರು ಆರೋಪವನ್ನೇ ಕೈಬಿಟ್ಟರು. ಅಷ್ಟರಲ್ಲಿ ಆಕೆ ಐಸಿಇ ಬಂಧನದಲ್ಲಿದ್ದಳು. ಮೆಕ್ಸಿಕೊದಿಂದ ಬಂದಾಗ ಅವಳಿಗೆ ನಾಲ್ಕು ವರ್ಷ, ಇಸವಿ 2010. ಮೂರು ವರ್ಷ ತಡವಾಗಿ ಬಂದದ್ದಕ್ಕೆ ಡಾಕಾ ಇಲ್ಲ. ಊರಿನವರು ಗದ್ದಲವೆಬ್ಬಿಸಿದರು, ಎರಡು ವಾರಕ್ಕೂ ಹೆಚ್ಚು ಕಳೆದ ಮೇಲೆ ಜಾಮೀನು ಸಿಕ್ಕಿತು. ಆಕೆಗೆ ವಿದ್ಯಾರ್ಥಿವೇತನ ಕೊಟ್ಟ ಸಂಸ್ಥೆಯ ಅಧ್ಯಕ್ಷೆ, ಅಂದು ಮಯಾಮಿಯಿಂದ ನಡೆದುಬಂದ ಗ್ಯಾಬಿ ಪಚೇಕೊ.

ಈ ಅಭಿಯಾನಗಳನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕು. ಸಹಿ ಸಂಗ್ರಹದ ಹಾಳೆಯ ಮೇಲಿನ ಮುಖ ಯಾವಾಗಲೂ ತರಗತಿಗೆ ಮೊದಲು ಬಂದವಳದು, ಬ್ಯಾಂಡಿನಲ್ಲಿ ನುಡಿಸುವವನದು, ಚರ್ಚಿಗೆ ತಪ್ಪದೆ ಹೋಗುವವನದು. ಸರಾಸರಿ ಅಂಕ ತೆಗೆದವನಿಗೆ, ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗಲು ಶಾಲೆ ಬಿಟ್ಟವನಿಗೆ ಮೆರವಣಿಗೆ ಹೊರಡುವುದು ಅಪರೂಪ. ತಮ್ಮದಲ್ಲದ ತಪ್ಪಿಗೆ ಶಿಕ್ಷೆ ಅನುಭವಿಸುತ್ತಿರುವ ಮಕ್ಕಳು ಎಂಬ ವಾದ ಎರಡೂ ಪಕ್ಷದವರ ಬಾಯಲ್ಲಿ ಓಡಾಡಿತು. ಮಗುವಿನದಲ್ಲದ ತಪ್ಪು ಹಾಗಾದರೆ ಯಾರದು? ಕೇಳದೆಯೇ ಬೆರಳು ಅಪ್ಪ ಅಮ್ಮನ ಕಡೆಗೆ ತಿರುಗುತ್ತದೆ. ಕಿಲಿಯನ್‌ನ ಹುಡುಗರು ಉಳಿದು ಹೆತ್ತವರು ಹೋದದ್ದು ಈ ವಾದದ ನೇರ ಫಲ. ಹೋರಾಟದ ಒಳಗಿನ ಮಕ್ಕಳೇ ಇದನ್ನು ಮೊದಲು ಗುರುತಿಸಿದರು. ನಮ್ಮ ಅಪ್ಪ ಅಮ್ಮನೇ ಮೊದಲ ಕನಸುಗಾರರು ಎಂದು ಫಲಕ ಹಿಡಿದರು. ಪೌರ ಮಕ್ಕಳಿರುವ ತಂದೆತಾಯಂದಿರಿಗೂ ರಿಯಾಯಿತಿ ಕೊಡುವ ಯೋಜನೆಯನ್ನು ಒಬಾಮಾ 2014ರ ನವೆಂಬರ್‌ನಲ್ಲಿ ಘೋಷಿಸಿದ್ದರ ಹಿಂದೆ ಈ ಒತ್ತಡವೂ ಇತ್ತು. ಕೋರ್ಟು ತಡೆಯಿತು, 2016ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ನಾಲ್ಕಾಗಿ ಒಡೆದು ಯೋಜನೆ ಅಲ್ಲಿಗೇ ನಿಂತಿತು.

ಈಗ ನಮ್ಮವರ ಮಕ್ಕಳ ವಿಷಯ. ಎಚ್-1ಬಿ ವೀಸಾದಲ್ಲಿ ಹೋದ ಎಂಜಿನಿಯರನ ಮಗು ಎಚ್-4 ವೀಸಾದಲ್ಲಿ ಅಮೆರಿಕದಲ್ಲಿರುತ್ತದೆ. ಕಂಪನಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುತ್ತದೆ. ವರ್ಷಕ್ಕೆ ಉದ್ಯೋಗದ ಆಧಾರದಲ್ಲಿ ಸಿಗುವುದು ಸುಮಾರು 1,40,000 ಗ್ರೀನ್ ಕಾರ್ಡ್, ಅದರಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿ. ಸಾಲಿನಲ್ಲಿರುವ ಭಾರತೀಯರು ಕುಟುಂಬದವರೂ ಸೇರಿ ಹತ್ತು ಲಕ್ಷ ದಾಟುತ್ತಾರೆ. ಹೊಸದಾಗಿ ಸಾಲಿಗೆ ಸೇರುವ ಭಾರತೀಯನ ಸರದಿ ಬರಲು 134 ವರ್ಷ ಬೇಕೆಂದು ಅಮೆರಿಕದ ಕೇಟೋ ಎಂಬ ಅಧ್ಯಯನ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತು. ಅಪ್ಪ ಸಾಲಿನಲ್ಲಿರುವಾಗಲೇ ಮಗಳಿಗೆ 21 ತುಂಬುತ್ತದೆ. ಅಂದಿಗೆ ಆಕೆ ಅವಲಂಬಿತಳಲ್ಲ, ಎಚ್-4 ಇಲ್ಲ, ಸಾಲಿನಲ್ಲಿದ್ದ ಜಾಗವೂ ಇಲ್ಲ. ವಿದ್ಯಾರ್ಥಿ ವೀಸಾ ಪಡೆದು ವಿದೇಶಿ ವಿದ್ಯಾರ್ಥಿಯಂತೆ ಓದಬೇಕು, ಓದು ಮುಗಿದ ಮೇಲೆ ಭಾರತಕ್ಕೆ ಮರಳುತ್ತೇನೆಂದು ಅಧಿಕಾರಿಯ ಮುಂದೆ ನಂಬಿಸಬೇಕು, ಆಮೇಲೆ ಅಪ್ಪನಂತೆಯೇ ಎಚ್-1ಬಿ ಲಾಟರಿಗೆ ಕೈಯೊಡ್ಡಬೇಕು. ಅದಾವುದೂ ಆಗದಿದ್ದರೆ ಹೊರಡಬೇಕು. ಐಸಿಇ ಬಾಗಿಲು ಬಡಿಯುವುದಿಲ್ಲ, ಮೆರವಣಿಗೆ ಹೊರಡುವುದಿಲ್ಲ. ಮನೆಯವರೇ ಟಿಕೆಟ್ ಬುಕ್ ಮಾಡುತ್ತಾರೆ. ಜಯನಗರದಲ್ಲಿ ಹುಟ್ಟಿದ ಅಕ್ಕನ ಗತಿ ಇದು. ಫ್ರೀಮಾಂಟಿನಲ್ಲಿ ಹುಟ್ಟಿದ ತಮ್ಮನಿಗೆ ಹುಟ್ಟಿನಿಂದಲೇ ಪೌರತ್ವ. ಇಂಥ ಮನೆಗಳು ಕನ್ನಡ ಕೂಟಗಳಲ್ಲಿ ಸಾಕಷ್ಟಿವೆ.

ಹೀಗೆ ಕಾನೂನುಬದ್ಧವಾಗಿ ಬಂದು ಅತಂತ್ರರಾದ ಮಕ್ಕಳು 2 ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ, ಬಹುಪಾಲು ಭಾರತೀಯರು. ಇವರಿಗೆ ಡಾಕಾ ಯಾಕೆ ಸಿಗಲಿಲ್ಲ? 2012ರ ಜೂನ್ 15ರಂದು ಕಾನೂನುಬದ್ಧ ಸ್ಥಾನ ಇರಬಾರದು ಎಂಬುದು ಡಾಕಾದ ಷರತ್ತು. ನಿಯಮ ಪಾಲಿಸಿದ್ದೇ ಅನರ್ಹತೆಯಾಯಿತು. ಭಾರತದಲ್ಲಿ ಹುಟ್ಟಿ ಒಂಬತ್ತನೇ ವಯಸ್ಸಿಗೆ ಅಮೆರಿಕಕ್ಕೆ ಬಂದ ದೀಪ್ ಪಟೇಲ್ 2017ರಲ್ಲಿ ‘ಇಂಪ್ರೂವ್ ದಿ ಡ್ರೀಮ್’ ಸಂಘಟನೆ ಕಟ್ಟಿದ ಮೇಲೆಯೇ ಈ ಮಕ್ಕಳಿಗೆ ಒಂದು ದನಿ ಬಂತು. ನಾಲ್ಕು ತಿಂಗಳ ಮಗುವಾಗಿ ಬಂದು ಅಯೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿನಿಯೊಬ್ಬಳು 2021ರ ಏಪ್ರಿಲ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ತನ್ನ ಪಾಡು ಹೇಳಿದಳು. ಆ ವರ್ಷವೇ ಡೆಬೊರಾ ರಾಸ್, ರಾಜಾ ಕೃಷ್ಣಮೂರ್ತಿ ಮುಂತಾದ ಸಂಸದರು ಇವರಿಗಾಗಿ ‘ಅಮೆರಿಕಾಸ್ ಚಿಲ್ಡ್ರನ್ ಆಕ್ಟ್’ ಮಸೂದೆ ತಂದರು. 2023ರಲ್ಲಿ ಮತ್ತೆ ಮಂಡಿಸಿದರು. ಅದೂ ಕಾನೂನಾಗಲಿಲ್ಲ. ಮಗುವಿನ ವಯಸ್ಸು ಲೆಕ್ಕ ಹಾಕುವಾಗ 2023ರಲ್ಲಿ ವಲಸೆ ಇಲಾಖೆ ಕೊಟ್ಟಿದ್ದ ಸಣ್ಣ ಅನುಕೂಲವನ್ನು 2025ರ ಆಗಸ್ಟ್ 15ರಿಂದ ಹಿಂತೆಗೆದುಕೊಳ್ಳಲಾಯಿತು.

ಇಲ್ಲಿ ನನ್ನ ತಕರಾರು ನಮ್ಮವರ ಮೇಲೆಯೇ. ‘ನಾವು ಸಾಲಿನಲ್ಲಿ ನಿಂತು ಬಂದವರು, ಅವರು ಬೇಲಿ ಹಾರಿ ಬಂದವರು’ ಎಂಬ ಮಾತು ಅಮೆರಿಕದ ಕನ್ನಡ ಮನೆಗಳಲ್ಲಿ ಸಲೀಸಾಗಿ ಕೇಳಿಸುತ್ತದೆ. 2025ರ ಫೆಬ್ರುವರಿಯಲ್ಲಿ 104 ಭಾರತೀಯರನ್ನು ಕೋಳ ತೊಡಿಸಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದಾಗಲೂ ಹಲವರು ಆಡಿದ್ದು ಅದೇ ಮಾತು. ದೊಡ್ಡವರ ವಿಷಯದಲ್ಲಿ ಆ ವಾದ ಮಾಡಬಹುದೇನೋ. ಮಕ್ಕಳ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ನಾಲ್ಕು ತಿಂಗಳ ಕೂಸು ಸಾಲಿನಲ್ಲೂ ನಿಂತಿರಲಿಲ್ಲ, ನಾಲ್ಕು ವರ್ಷದ ಕೂಸು ಬೇಲಿಯನ್ನೂ ಹಾರಿರಲಿಲ್ಲ. ಇಬ್ಬರೂ ಅಪ್ಪ ಅಮ್ಮನ ಕಂಕುಳಲ್ಲಿದ್ದರು. ರಾಜಕೀಯವಾಗಿಯೂ ಈ ಪಂಕ್ತಿಭೇದ ದುಬಾರಿ. ಕಾನೂನುಬದ್ಧವಾಗಿ ಬಂದ ಮಕ್ಕಳ ರಕ್ಷಣೆಯನ್ನು ಕೆಳಮನೆ ಒಪ್ಪಿದ್ದು 2021ರ ಮಾರ್ಚ್ 18ರಂದು, 228ಕ್ಕೆ 197 ಮತಗಳಿಂದ. ಅದು ಡ್ರೀಮ್ ಅಂಡ್ ಪ್ರಾಮಿಸ್ ಆಕ್ಟ್‌ನ ಭಾಗವಾಗಿ, ಬೇಲಿಯಾಚೆಯ ಮಕ್ಕಳ ಜೊತೆ ಒಂದೇ ಮಸೂದೆಯಲ್ಲಿ ಸೇರಿಕೊಂಡಾಗ. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ ನಿಜ, ಆದರೆ ಪ್ರತ್ಯೇಕ ಮಸೂದೆಗೆ ಅಷ್ಟು ಬೆಂಬಲವೂ ಸಿಕ್ಕಿಲ್ಲ.

ಆರಿನ್ ಹ್ಯಾಚ್ 2022ರಲ್ಲಿ ತೀರಿಕೊಂಡರು. ಡಿಕ್ ಡರ್ಬಿನ್ ಮತ್ತೆ ಸ್ಪರ್ಧಿಸುವುದಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ಹೇಳಿದ್ದಾರೆ. ಅವರ ಅವಧಿ 2027ರ ಜನವರಿಯವರೆಗೆ. ಅಮೆರಿಕದ ಪೌರತ್ವ ಪಡೆದು ಮತ ಹಾಕುವ ಕನ್ನಡಿಗರು ಈಗ ಒಂದು ದೊಡ್ಡ ಸಂಖ್ಯೆ. ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸಬಲ್ಲ ಕೂಟಗಳಿಗೆ ತಮ್ಮ ಸಂಸದರ ಕಚೇರಿಗೆ ಇನ್ನೂರು ಫೋನ್ ಮಾಡಿಸುವುದು ಭಾರದ ಕೆಲಸವಲ್ಲ. ಮಾಡಿದಾಗ ಚಿಲ್ಡ್ರನ್ ಆಕ್ಟ್ ಒಂದನ್ನೇ ಕೇಳಿ ಫೋನ್ ಇಡಬೇಡಿ, ಡ್ರೀಮ್ ಆಕ್ಟ್‌ನ ಹೆಸರನ್ನೂ ಹೇಳಿ.